ಐದು ರಿಂಗ್ ಆದ ಮೇಲೆ

ಅತ್ತಿಗೆ ತೀರಿಕೊಂಡು ಎರಡು ವಾರವಾಗಿತ್ತು. ಆದರೂ ಐದು ರಿಂಗ್ ಆದ ಮೇಲೆ ಉತ್ತರ ಕೊಟ್ಟದ್ದು ಅವರೇ.

"ನಮಸ್ಕಾರ. ಈಗ ಆಫೀಸಿನಲ್ಲಿ ಯಾರೂ ಇಲ್ಲ. ಗಾಬರಿ ಮಾಡ್ಕೋಬೇಡಿ. ನಿಮ್ಮ ಹೆಸರು, ಬಿಲ್ಡಿಂಗಿನ ಹೆಸರು ನಿಧಾನವಾಗಿ ಹೇಳಿ. ನಮ್ಮವರು ಕೇಳಿಸ್ಕೊಂಡು ಬರ್ತಾರೆ."

ಆಮೇಲೆ ಬೀಪ್.

ಇನ್‌ಸ್ಪೆಕ್ಟರು ಮೊಬೈಲನ್ನು ಕಿವಿಯಿಂದ ತೆಗೆದು, ಬಿಸಿ ಲೋಟ ಹಿಡಿದವರ ಹಾಗೆ ತುದಿಬೆರಳಲ್ಲಿ ಹಿಡಿದುಕೊಂಡರು.

"ಇದನ್ನ ಇನ್ನೂ ತೆಗೆದಿಲ್ವೇನಮ್ಮ?"

"ಯಜಮಾನ್ರು ತೆಗಿ ಅಂದಿದ್ದಾರೆ ಸಾರ್. ನಂಗೇ..."

ಅಳಿಸುವುದು ಎರಡು ಗುಂಡಿಯ ಕೆಲಸ. ಆ ಎರಡು ಗುಂಡಿ ಒತ್ತಲೆಂದೇ ಮೂರು ಸಲ ಬಂದು, ಮೂರು ಸಲವೂ ಬೇರೇನೋ ರಿಪೇರಿ ಮಾಡಿದಂತೆ ನಟಿಸಿ ಹೊರಟು ಹೋಗಿದ್ದೆ.

ಅದು ಲಿಫ್ಟ್ ರಿಪೇರಿ ಮಾಡುವ ಕಂಪನಿಯ ಆಫೀಸು, ನಾಲ್ಕನೇ ಮಹಡಿ. ನಮ್ಮ ಎದುರಿಗೆ ಹನ್ನೊಂದನೇ ನಂಬರಿನ ಫೋನ್, ಅದರ ಹಿಂದೆ ಖಾಲಿ ಕುರ್ಚಿ. ಇಪ್ಪತ್ತೆರಡು ವರ್ಷ ಆ ಕುರ್ಚಿಯಲ್ಲಿ ಕೂತು ಕರೆಗಳಿಗೆ ಉತ್ತರ ಕೊಟ್ಟವರು ಅತ್ತಿಗೆ. ಯಜಮಾನರಿಗೆ ಅವರು ಸ್ವಂತ ಅಣ್ಣನ ಹೆಂಡತಿ. ಯಜಮಾನರ ಬಾಯಿಂದ ಕೇಳಿ ಮೆಕ್ಯಾನಿಕ್‌ಗಳಿಗೂ ಅತ್ತಿಗೆ, ಕಸ ಗುಡಿಸುವಾಕೆಗೂ ಅತ್ತಿಗೆ, ಫೋನ್ ಹಾಕಲು ಬಂದ ನನಗೂ ಎರಡನೇ ದಿನಕ್ಕೇ ಅತ್ತಿಗೆ. "ಇಷ್ಟೊಂದು ಮೈದುನಂದಿರು ನಂಗೆ, ಒಬ್ಬನಾದ್ರೂ ಚೀಲ ಹಿಡ್ಕೋತೀನಿ ಬಾ ಅನ್ನಲ್ಲ" ಎಂದು ನಗುತ್ತಿದ್ದರು.

ಆ ಗುರುವಾರ ಸಂಜೆ ಆರಕ್ಕೆ ಸಹಿ ಹಾಕಿ ಹೊರಟವರು, ಇದೇ ಕಟ್ಟಡದ ಲಿಫ್ಟಿನಲ್ಲಿ ಎರಡು ಮತ್ತು ಮೂರನೇ ಮಹಡಿಯ ನಡುವೆ ಸಿಕ್ಕಿಕೊಂಡರು. ಮರುದಿನ ಬೆಳಿಗ್ಗೆ ಆರೂವರೆಗೆ ಬಾಗಿಲು ತೆರೆದಾಗ ಉಸಿರಿರಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಅರ್ಧ ಗಂಟೆಯೊಳಗೆ ಹೊರಗೆ ತಂದಿದ್ದರೆ ಉಳಿಯುತ್ತಿದ್ದರು ಎಂದೂ ಅಂದರು. ಆ ಎರಡನೇ ಮಾತನ್ನು ಅವರು ಆಡದೇ ಇದ್ದಿದ್ದರೆ ನಾನು ಈ ಎರಡು ವಾರ ಸ್ವಲ್ಪವಾದರೂ ಊಟ ಮಾಡುತ್ತಿದ್ದೆನೇನೋ.

ಯಾಕೆಂದರೆ ಲಿಫ್ಟಿನೊಳಗೆ ಒಂದು ಕೆಂಪು ಗುಂಡಿ ಇರುತ್ತದೆ. ಒತ್ತಿದರೆ ಕರೆ ನೇರ ಹನ್ನೊಂದಕ್ಕೆ ಬರುತ್ತದೆ. ಹಗಲು ಹೊತ್ತು ಅತ್ತಿಗೆ ಉತ್ತರಿಸುತ್ತಾರೆ. ಸಂಜೆ ಹೊರಡುವ ಮುಂಚೆ ಹನ್ನೊಂದಕ್ಕೆ ಬರುವ ಕರೆಗಳೆಲ್ಲ ಡ್ಯೂಟಿ ಮೆಕ್ಯಾನಿಕ್‌ನ ಮೊಬೈಲಿಗೆ ಹೋಗುವಂತೆ ತಿರುಗಿಸಿ ಹೋಗುತ್ತಾರೆ. ಆ ತಿರುಗಿಸುವ ಏರ್ಪಾಟನ್ನು ಐದು ವಾರದ ಹಿಂದೆ ಮಾಡಿಕೊಟ್ಟವಳು ನಾನು. ಆ ಸಂಜೆ ಡ್ಯೂಟಿ ಮೆಕ್ಯಾನಿಕ್‌ನ ಮೊಬೈಲಿಗೆ ಒಂದು ಕರೆಯೂ ಬರಲಿಲ್ಲ. ಯಜಮಾನರು ಕೊಟ್ಟ ದೂರಿನಲ್ಲಿದ್ದದ್ದು ಒಂದೇ ಹೆಸರು, ನನ್ನದು.

"ಸಾರ್, ನೀವು ಕೇಳೋಕೆ ಮುಂಚೆ ನಾನೇ ಒಂದು ವಿಷಯ ಹೇಳ್ಬೇಕು."

"ಹೇಳಮ್ಮ. ಕೇಳೋಕೆ ಮುಂಚೆ ಹೇಳೋರು ನಮ್ಮ ಲೈನಲ್ಲಿ ಅಪರೂಪ. ಸ್ವಲ್ಪ ನಿಧಾನಕ್ಕೆ ಹೇಳು, ಸವಿಯೋಣ."

ಅವರು ತಮಾಷೆಗೆ ಅಂದರೂ ನನಗೆ ನಗು ಬರಲಿಲ್ಲ.

"ಹೊಸ ಫೋನ್ ಹಾಕಿದಾಗ, ಕರೆ ಸರಿಯಾಗಿ ತಿರುಗತ್ತೋ ಇಲ್ವೋ ಅಂತ ನೋಡೋಕೆ ನಾವು ಮೊದಲು ನಮ್ಮದೇ ಮೊಬೈಲ್ ನಂಬರ್ ಹಾಕ್ತೀವಿ. ನಮ್ಮ ಮೊಬೈಲ್ ಬಡ್ಕೊಂಡ್ರೆ ಎಲ್ಲ ಸರಿ ಅಂತ. ಆಮೇಲೆ ಅಳಿಸ್ಬಿಡ್ತೀವಿ. ಈ ಕೆಲಸದೋರು ಎಲ್ರೂ ಹಾಗೇ ಮಾಡೋದು."

"ನೀನು ಅಳಿಸಿದ್ಯಾ?"

"ಅಳಿಸಿದೆ ಅಂತ ನೋಟ್‌ಬುಕ್ಕಲ್ಲಿ ಟಿಕ್ ಇದೆ. ಟಿಕ್ ಹಾಕಿದ್ದು ನೆನಪಿದೆ ಸಾರ್. ಅಳಿಸಿದ್ದು ನೆನಪಿಲ್ಲ."

ಅವರು ಜೇಬಿನಿಂದ ಪೆನ್ನು ತೆಗೆದರು.

"ಗುರುವಾರ ಆರರಿಂದ ಎಂಟರವರೆಗೆ ನಂಗೆ ಸಂಜೆ ಕ್ಲಾಸು. ಅಲ್ಲಿ ಫೋನ್ ಆಫ್ ಮಾಡಿ ಚೀಲದಲ್ಲಿ ಇಟ್ಕೋಬೇಕು. ಅತ್ತಿಗೆ ಮಾಡಿದ ಕರೆ ನನ್ನ ಚೀಲದ ತನಕ ಬಂದು ನಿಂತಿತ್ತೋ ಏನೋ."

ಎರಡು ವಾರದಿಂದ ನನಗೆ ಹೀಗಾಗುತ್ತಿತ್ತು. ಆಫ್ ಆಗಿರುವ ಫೋನು ಚೀಲದೊಳಗೆ ಬಡಿದುಕೊಳ್ಳುವುದು ಕೇಳುತ್ತಿತ್ತು. ತೆಗೆದು ನೋಡಿದರೆ ಪರದೆ ಕಪ್ಪು. ಮತ್ತೆ ಚೀಲದೊಳಗೆ ಇಟ್ಟ ತಕ್ಷಣ ಬಡಿತ ಶುರು. ಅಮ್ಮ ಒಂದು ದಿನ ಚೀಲವನ್ನೇ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಬೀರುವಿನೊಳಗಿಂದಲೂ ಕೇಳುತ್ತಿತ್ತು.

"ಅದು ಗೊತ್ತಾಗೋದು ಹೇಗೆ?" ಎಂದರು ಇನ್‌ಸ್ಪೆಕ್ಟರು.

"ಫೋನಿನ ಪೆಟ್ಟಿಗೆ ಎಲ್ಲಾನೂ ಬರೆದಿಟ್ಕೊಂಡಿರತ್ತೆ. ತೆಗೆದು ನೋಡ್ಬೇಕು. ನಾನೊಬ್ಳೇ ನೋಡಿದ್ರೆ ಯಾರೂ ನಂಬಲ್ಲ ಅಂತ ನಿಮ್ಮನ್ನ ಕರೆದೆ."

ಅದು ಅರ್ಧ ಸತ್ಯ. ಒಬ್ಬಳೇ ನೋಡಲು ಧೈರ್ಯವಿರಲಿಲ್ಲ.

ಫೋನಿನ ಪೆಟ್ಟಿಗೆ ಇರುವುದು ಅತ್ತಿಗೆಯ ಕುರ್ಚಿಯ ಹಿಂದಿನ ಗೋಡೆಯಲ್ಲಿ. ಎಂಟು ಫೋನುಗಳ ತಂತಿಯೂ ಅಲ್ಲಿಗೇ ಬಂದು ಸೇರುತ್ತದೆ. ಕುರ್ಚಿಯ ಮೇಲೆ ಕೂರದೆ, ಪಕ್ಕದಲ್ಲಿ ಮಂಡಿಯೂರಿ ಲ್ಯಾಪ್‌ಟಾಪಿನ ವೈರು ಚುಚ್ಚಿದೆ. ಮೊದಲು ತೆಗೆದದ್ದು ಹನ್ನೊಂದರ ಕರೆ ತಿರುಗಿಸಿದ ಪಟ್ಟಿ.

ಆ ಗುರುವಾರ ಇದ್ದದ್ದು ಎರಡೇ ಸಾಲು. ಐದು ಐವತ್ತಾರಕ್ಕೆ ಕರೆಗಳನ್ನು ಆ ದಿನ ಡ್ಯೂಟಿಯಲ್ಲಿದ್ದ ಹಿರಿಯ ಮೆಕ್ಯಾನಿಕ್ ಮೇಸ್ತ್ರಿಯ ಮೊಬೈಲಿಗೆ ತಿರುಗಿಸಲಾಗಿದೆ. ಆರು ಗಂಟೆ ನಾಲ್ಕು ನಿಮಿಷಕ್ಕೆ ಅದನ್ನು ರದ್ದು ಮಾಡಲಾಗಿದೆ. ಎರಡೂ ಇದೇ ಹನ್ನೊಂದರ ಫೋನಿನಿಂದ.

ಆ ದಿನದ ಸಾಲುಗಳಲ್ಲಿ ನನ್ನ ನಂಬರ್ ಇರಲಿಲ್ಲ. ಐದು ವಾರದ ಹಿಂದೆ ಅದನ್ನು ಹಾಕಿದ್ದು, ಅದೇ ದಿನ ಅಳಿಸಿದ್ದು, ಎರಡೂ ಪಟ್ಟಿಯ ಕೆಳಗೆ ಇದ್ದವು.

ಉಸಿರು ಬಿಟ್ಟೆ. ಬಿಟ್ಟ ಕೂಡಲೇ ನಾಚಿಕೆಯಾಯಿತು. ಎದುರಿಗೆ ಆ ಕುರ್ಚಿ ಇತ್ತು.

"ಆಕೆ ಸಹಿ ಹಾಕಿದ್ದು ಆರಕ್ಕೆ," ಎಂದರು ಇನ್‌ಸ್ಪೆಕ್ಟರು. "ಆರು ನಾಲ್ಕಕ್ಕೆ ಇಲ್ಲಿ ಬೇರೆ ಯಾರೋ ಇದ್ರು. ಸರಿ. ಮೊಬೈಲಿಗೆ ಹೋಗದೇ ಇದ್ರೆ ಕರೆ ಎಲ್ಲಿಗೆ ಹೋಗತ್ತೆ?"

"ಐದು ರಿಂಗ್ ಆಗಿ ವಾಯ್ಸ್‌ಮೇಲಿಗೆ."

"ಅಂದ್ರೆ ಲಿಫ್ಟಲ್ಲಿ ಆಕೆಗೆ ಕೇಳಿಸಿದ್ದು..."

"ಅವರದೇ ಧ್ವನಿ ಸಾರ್. ಗಾಬರಿ ಮಾಡ್ಕೋಬೇಡಿ ಅಂತ."

ಇನ್‌ಸ್ಪೆಕ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಆಕೆ ಮಾತಾಡಿದ್ದು ಇದರೊಳಗೆ ಇರ್ಬೇಕಲ್ಲ?" ಎಂದರು.

ನಾನೂ ಅದನ್ನೇ ಯೋಚಿಸುತ್ತಿದ್ದೆ. ಕೇಳದೆ ಬಿಟ್ಟ ಮೆಸೇಜ್ ಇದ್ದರೆ ಫೋನಿನ ಮೂಲೆಯಲ್ಲಿ ಕೆಂಪು ದೀಪ ಮಿನುಗಬೇಕು. ಹನ್ನೊಂದರ ದೀಪ ಆರಿತ್ತು. ಒಂದೋ ಮೆಸೇಜೇ ಇಲ್ಲ, ಇಲ್ಲವೇ ಯಾರೋ ಅದನ್ನು ಕೇಳಿ ಮುಗಿಸಿದ್ದಾರೆ.

ಅತ್ತಿಗೆಯ ವಾಯ್ಸ್‌ಮೇಲನ್ನು ಯಾರು ಯಾವಾಗ ತೆರೆದರು ಎಂಬ ಪಟ್ಟಿ ತೆಗೆದೆ. ಒಂದು ಪುಟಕ್ಕೆ ಹತ್ತು ಸಾಲು, ಹೊಸದು ಮೇಲೆ. ಹತ್ತೂ ಸಾಲು ಹದಿನಾಲ್ಕನೇ ನಂಬರಿನ ಫೋನಿನಿಂದ. ನಿನ್ನೆ, ಮೊನ್ನೆ, ಅದರ ಹಿಂದಿನ ದಿನ, ಭಾನುವಾರ ಬಿಟ್ಟು ದಿನಕ್ಕೊಂದು ಸಲ. ಎಲ್ಲವೂ ಮಧ್ಯಾಹ್ನ ಒಂದೂವರೆಗೆ.

"ದಿನಾ ಯಾರೋ ಕೇಳ್ತಿದ್ದಾರೆ," ಎಂದೆ.

ಗೋಡೆ ಗಡಿಯಾರದಲ್ಲಿ ಒಂದು ಇಪ್ಪತ್ತೆಂಟು. ಊಟದ ಹೊತ್ತು; ಆಫೀಸು ಖಾಲಿ. ಎರಡನೇ ಪುಟ ತೆಗೆಯಲು ಬೆರಳು ಇಟ್ಟಿದ್ದೆ. ಇನ್‌ಸ್ಪೆಕ್ಟರು ಕೈ ಅಡ್ಡ ಹಿಡಿದರು. ಇಬ್ಬರೂ ಪರದೆಯನ್ನೇ ನೋಡುತ್ತ ಕೂತೆವು. ಒಳಗಿನ ಹಜಾರದಲ್ಲಿ ಒಂದು ಬಾಗಿಲು ಮುಚ್ಚಿಕೊಂಡ ಸದ್ದು.

ಪಟ್ಟಿಯ ತಲೆಗೆ ಹೊಸದೊಂದು ಸಾಲು ತಾನಾಗಿಯೇ ಬಂದು ಕೂತಿತು. ಒಂದು ಮೂವತ್ತು. ಹದಿನಾಲ್ಕು.

ಹದಿನಾಲ್ಕು ಮೆಕ್ಯಾನಿಕ್‌ಗಳ ಕೋಣೆ. ಗ್ರೀಸ್ ವಾಸನೆ, ಗೋಡೆಯುದ್ದಕ್ಕೂ ತೂಗುಹಾಕಿದ ಸ್ಪ್ಯಾನರುಗಳು. ಬೆಂಚಿನ ತುದಿಯಲ್ಲಿ ಮೇಸ್ತ್ರಿ ಕೂತಿದ್ದ. ಮೂವತ್ತು ವರ್ಷ ಲಿಫ್ಟಿನ ಹಗ್ಗ ಎಳೆದು ಹೆಗಲು ಒಂದು ಕಡೆ ವಾಲಿದ ಮನುಷ್ಯ. ರಿಸೀವರನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಿದ್ದ. ಕಣ್ಣು ಮುಚ್ಚಿತ್ತು. ಮುಂದೆ ಊಟದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ.

ಇನ್‌ಸ್ಪೆಕ್ಟರು ಸದ್ದಿಲ್ಲದೆ ಹೋಗಿ ಫೋನಿನ ಸ್ಪೀಕರ್ ಗುಂಡಿ ಒತ್ತಿದರು.

"...ನಾನೇ ಕಣೋ," ಎಂದಿತು ಅತ್ತಿಗೆಯ ಧ್ವನಿ, ಸ್ವಲ್ಪ ಏದುಸಿರು. "ನಮ್ಮ ಬಿಲ್ಡಿಂಗ್ ಲಿಫ್ಟೇ ನಿಂತಿದೆ, ನಗಬೇಡ. ಮೊಬೈಲಿಗೆ ಸಿಗ್ನಲ್ ಇಲ್ಲ. ನನ್ನ ಧ್ವನಿ ನಾನೇ ಕೇಳಿಸ್ಕೊಂಡೆ, ಥೂ, ಎಷ್ಟು ಕೆಟ್ಟದಾಗಿದೆ. ಆ ಹುಡುಗಿ ಚೆನ್ನಾಗಿದೆ ಅಂದ್ಲು, ಸುಳ್ಳಿ. ಎದೆ ಸ್ವಲ್ಪ ಹಿಡ್ಕೊಂಡಿದೆ, ಅಷ್ಟೆ. ನಿಧಾನಕ್ಕೆ ಬಾ. ಗಾಡಿ ಜೋರಾಗಿ ಓಡಿಸ್ಬೇಡ."

ಮತ್ತೆ, ಇನ್ನೂ ಮೆಲ್ಲಗೆ: "ಬರ್ತೀಯ ತಾನೆ?"

ಹುಡುಗಿ ಎಂದರೆ ನಾನು. ಧ್ವನಿ ಚೆನ್ನಾಗಿದೆ ಅಂದದ್ದು ನಿಜವಾಗಿಯೇ.

ಮೇಸ್ತ್ರಿ ಕಣ್ಣು ತೆರೆದ. ಪೊಲೀಸರನ್ನು ಕಂಡು ಬೆಚ್ಚಲಿಲ್ಲ. ಯಾರಾದರೂ ಬರಲಿ ಎಂದು ಕಾಯುತ್ತಿದ್ದವನ ಹಾಗಿತ್ತು.

"ಬಂದ್ರಾ ಸಾಹೇಬ್ರೇ," ಎಂದ. "ಎರಡು ವಾರ ಬೇಕಾಯ್ತಲ್ಲ."

"ಕರೆ ತಿರುಗಿಸಿದ್ದನ್ನ ರದ್ದು ಮಾಡಿದ್ದು ನೀನೇನಾ?"

"ನಾನೇ."

"ಬೇಕು ಅಂತಾನೇ?"

"ದಿನಾ ಮಾಡೋದೇ." ಅವನು ನನ್ನ ಕಡೆ ತಿರುಗಿದ. "ಫೋನಮ್ಮ, ನಿಂಗೆ ಹೇಳಿರ್ಲಿಲ್ಲ. ಹೇಳಿದ್ರೆ ಬೈತೀಯ ಅಂತ. ಆರಕ್ಕೆ ಹೊರಟ್ರೆ ಮನೆ ಸೇರೋಕೆ ನಂಗೆ ಮುಕ್ಕಾಲು ಗಂಟೆ. ಬೈಕ್ ಮೇಲೆ ಫೋನ್ ಬಂದ್ರೆ ಎತ್ತೋಕಾಗಲ್ಲ. ಲಿಫ್ಟಲ್ಲಿ ಸಿಕ್ಕಿಕೊಂಡೋರು ಸುಮ್ನೆ ಟ್ರಿಣ್ ಟ್ರಿಣ್ ಕೇಳ್ತಾ ಕೂತ್ರೆ ಅಲ್ಲೇ ಅರ್ಧ ಸಾಯ್ತಾರೆ. ಅದಕ್ಕೇ ನಾವು ಡ್ಯೂಟಿಯೋರು ರದ್ದು ಮಾಡಿ ಹೊರಡ್ತೀವಿ. ಅತ್ತಿಗೆ ಧ್ವನಿ ಕೇಳಿದ್ರೆ ಜನಕ್ಕೆ ಧೈರ್ಯ. ಮನೆ ಸೇರಿದ ತಕ್ಷಣ ಮೆಸೇಜ್ ಕೇಳಿ, ಮನೆಯಿಂದ್ಲೇ ಮತ್ತೆ ಮೊಬೈಲಿಗೆ ತಿರುಗಿಸ್ಕೋತೀವಿ."

"ಅತ್ತಿಗೆಗೆ ಗೊತ್ತಿತ್ತಾ?" ಎಂದೆ.

"ಅವರೇ ಹೇಳ್ಕೊಟ್ಟಿದ್ದು. ಮೆಸೇಜ್ ಕೇಳೋ ಪಿನ್ ನಂಬರ್ ಕೊಟ್ಟಿದ್ದೂ ಅವರೇ, ನಮ್ಮ ನಾಲ್ಕೂ ಜನಕ್ಕೆ. ಗಾಡಿ ಓಡಿಸ್ತಾ ಫೋನ್ ತೆಗೆದ್ರೆ ಕಾಲು ಮುರೀತೀನಿ ಅಂತಿದ್ರು."

"ಆವತ್ತು ಮನೆ ಸೇರಿದ ಮೇಲೆ?" ಇನ್‌ಸ್ಪೆಕ್ಟರ ಧ್ವನಿ ಗಟ್ಟಿಯಾಯಿತು. "ಮತ್ತೆ ತಿರುಗಿಸಿದ ದಾಖಲೆ ಇಲ್ಲ."

ಮೇಸ್ತ್ರಿ ಡಬ್ಬಿಯ ಮುಚ್ಚಳವನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಮುಚ್ಚಿಯೇ ಇತ್ತು. ಮತ್ತೆ ಒತ್ತಿದ.

"ಮಗಳು ಬಂದಿದ್ಲು, ಮೊಮ್ಮಗನ್ನ ಕರ್ಕೊಂಡು. ಬಾಗಿಲು ತೆಗೆದ್ರೆ ಮಗು ನಡ್ಕೊಂಡು ಬಂತು ಸಾಹೇಬ್ರೇ. ಮೊದಲ ಸಲ. ನಾಲ್ಕು ಹೆಜ್ಜೆ. ಐದನೇದಕ್ಕೆ ನನ್ನ ಕಾಲು ಹಿಡ್ಕೊಂಡ." ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. "ಮರೆತೇ ಹೋಯ್ತು. ಬೆಳಿಗ್ಗೆ ಅವರು ಹೋದ್ರು ಅಂತ ಫೋನ್ ಬಂದಾಗ ನೆನಪಾಯ್ತು. ಓಡಿ ಬಂದು ಏಳು ಐವತ್ತಕ್ಕೆ ಇದನ್ನ ಕೇಳಿದೆ. ಮೊದಲ ಸಲ. ಆಮೇಲೆ ದಿನಾ ಕೇಳ್ತೀನಿ. ಬರ್ತೀಯ ತಾನೆ ಅಂತಾರಲ್ಲ, ಉತ್ತರ ಹೇಳೋಕೆ ಬರ್ತೀನಿ."

"ಹೇಳಬಹುದಿತ್ತಲ್ಲ ಮೇಸ್ತ್ರಿ," ಎಂದೆ. "ಯಜಮಾನ್ರು ನನ್ನ ಮೇಲೆ ದೂರು ಕೊಟ್ಟಾಗಾದ್ರೂ. ಎರಡು ವಾರ ನಾನು..."

"ದಿನಾ ಬೆಳಿಗ್ಗೆ ಹೇಳ್ಬೇಕು ಅಂತಾನೇ ಹೊರಡ್ತೀನಿ ಫೋನಮ್ಮ. ಮಗು ಕಾಲು ಹಿಡ್ಕೊಳತ್ತೆ."

ಅವನಿಗೆ ಬೈಯಬೇಕೆನಿಸಿತು, ಆಗಲಿಲ್ಲ. ಟಿಕ್ ಹಾಕಿ ಅಳಿಸಲು ಮರೆಯುವುದು ನನ್ನಿಂದಲೂ ಆಗಬಹುದಾಗಿದ್ದ ಕೆಲಸ. ಈ ಸಲ ಆಗಲಿಲ್ಲ ಅಷ್ಟೆ.

ಇನ್‌ಸ್ಪೆಕ್ಟರು ಕೇಳಿದ್ದಕ್ಕೆ ಉಳಿದದ್ದನ್ನೂ ಹೇಳಿದ. ಕೊನೆಯಲ್ಲಿ ಹೊರಟವನು ಅವನೇ. ಒಳಗೆ ಯಾರೂ ಇರಲಿಲ್ಲ, ದೀಪ ಆರಿಸಿ ಬಾಗಿಲು ಎಳೆದುಕೊಂಡ, ಅದು ಎಳೆದರೆ ತಾನಾಗಿಯೇ ಬೀಗ ಬೀಳುವ ಬಾಗಿಲು. ಅತ್ತಿಗೆ ಇನ್ನೂ ಲಿಫ್ಟಿಗೆ ಕಾಯುತ್ತ ನಿಂತಿದ್ದರು. ಬಾರೋ ಒಟ್ಟಿಗೆ ಇಳಿಯೋಣ ಅಂದರು. ನಮ್ಮ ಕೈಯಲ್ಲಿ ರಿಪೇರಿ ಆದದ್ದಕ್ಕೆ ನಾವು ಹತ್ತಲ್ಲ ಅತ್ತಿಗೆ ಎಂದು ಹೇಳಿ ಇವನು ಮೆಟ್ಟಿಲಲ್ಲಿ ಇಳಿದ. ಅವರು ನಕ್ಕಿದ್ದು ಎರಡು ಮಹಡಿ ಕೆಳಗಿನವರೆಗೂ ಕೇಳಿಸಿತಂತೆ.

ಇನ್‌ಸ್ಪೆಕ್ಟರು ಬರೆಯುವುದು ಮುಗಿಸಿ ನನ್ನ ಭುಜದ ಮೇಲೆ ಕೈಯಿಟ್ಟರು.

"ನಿನ್ನ ಮೇಲಿನ ದೂರು ಇಲ್ಲಿಗೆ ಮುಗೀತಮ್ಮ. ಮನೆಗೆ ಹೋಗು. ಹೊಟ್ಟೆ ತುಂಬ ಊಟ ಮಾಡಿ ಮಲಕ್ಕೋ. ಕಣ್ಣು ನೋಡ್ಕೊಂಡಿದ್ಯಾ ಕನ್ನಡೀಲಿ?"

ಹೋಗಬೇಕಿತ್ತು. ಈ ಮಾತಿಗಾಗಿ ಎರಡು ವಾರ ಒದ್ದಾಡಿದ್ದೆ. ಆದರೆ ಎರಡನೇ ಪುಟ ನೋಡಿರಲಿಲ್ಲ. ಅರ್ಧ ನೋಡಿದ ಕೆಲಸಕ್ಕೆ ಟಿಕ್ ಹಾಕಿ ಹೋಗಲು ನನಗೆ ಬರುವುದಿಲ್ಲ. ಹೋದರೆ ದಾರಿಯಲ್ಲೇ ವಾಪಸ್ ಬರುತ್ತೇನೆ.

"ಒಂದು ನಿಮಿಷ ಸಾರ್. ಮೇಸ್ತ್ರಿ ಹೇಳಿದ ಏಳು ಐವತ್ತು ಸರಿಯಾ ಅಂತ ನೋಡ್ಬಿಡ್ತೀನಿ."

ಮೂವರೂ ಹನ್ನೊಂದರ ಹತ್ತಿರ ಬಂದೆವು. ಎರಡನೇ ಪುಟ ತೆಗೆದೆ. ಶುಕ್ರವಾರ ಬೆಳಿಗ್ಗೆ ಏಳು ಐವತ್ತು, ಹದಿನಾಲ್ಕನೇ ನಂಬರಿನಿಂದ. ಮೇಸ್ತ್ರಿ ಹೇಳಿದ್ದು ನಿಜ.

ಅದರ ಕೆಳಗೆ ಇನ್ನೊಂದು ಸಾಲಿತ್ತು.

ಅದನ್ನು ಓದಿದೆ. ತಪ್ಪು ಓದಿದೆನೆಂದು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ.

"ಸಾರ್, ಅತ್ತಿಗೆ ಲಿಫ್ಟಿಂದ ಮಾತಾಡಿದ್ದು ಆರು ಹನ್ನೊಂದಕ್ಕೆ. ಅದನ್ನ ಆವತ್ತೇ ಯಾರೋ ಕೇಳಿದ್ದಾರೆ. ಆರು ಹತ್ತೊಂಬತ್ತಕ್ಕೆ. ಹನ್ನೆರಡನೇ ನಂಬರಿನಿಂದ."

"ಹನ್ನೆರಡು ಯಾವುದು?"

ಮೇಸ್ತ್ರಿ ಹಜಾರದ ಕೊನೆಯ ಮುಚ್ಚಿದ ಬಾಗಿಲನ್ನು ನೋಡಿದ. "ಯಜಮಾನ್ರ ಕ್ಯಾಬಿನ್. ಆದ್ರೆ ಆಗ ಒಳಗೆ ಯಾರೂ ಇರ್ಲಿಲ್ಲ ಸಾಹೇಬ್ರೇ. ನಾನೇ ದೀಪ ಆರಿಸಿದ್ದು."

"ಯಜಮಾನ್ರು ಆ ಸಂಜೆ ಬೇರೆ ಊರಲ್ಲಿದ್ರು. ನಾನೇ ವಿಚಾರಿಸಿದ್ದೀನಿ, ಇನ್ನೂರು ಜನರ ಮುಂದೆ ಭಾಷಣ ಮಾಡ್ತಿದ್ರು," ಎಂದರು ಇನ್‌ಸ್ಪೆಕ್ಟರು. "ಕೇಳಿದೋರು ಆಮೇಲೆ ಏನು ಮಾಡಿದ್ರು? ಅದು ಗೊತ್ತಾಗತ್ತಾ?"

ಹನ್ನೆರಡರಿಂದ ಹೋದ ಕರೆಗಳ ಪಟ್ಟಿ ತೆಗೆದೆ. ಆರು ಇಪ್ಪತ್ತೆರಡಕ್ಕೆ ಒಂದು ಕರೆ. ಮಾಡಿದ್ದು ಈ ಕಟ್ಟಡದ ಲಿಫ್ಟಿಗೇ. ಲಿಫ್ಟಿನ ಫೋನಿಗೆ ಹೊರಗಿನಿಂದ ಕರೆ ಮಾಡಿದರೆ ಯಾರೂ ಎತ್ತಬೇಕಾಗಿಲ್ಲ, ಅದು ತಾನೇ ತೆರೆದುಕೊಂಡು ಒಳಗಿದ್ದವರ ಜೊತೆ ಮಾತಿಗೆ ಬಿಡುತ್ತದೆ.

"ಎಷ್ಟು ಹೊತ್ತು?"

"ಮೂವತ್ತೊಂದು ನಿಮಿಷ."

ಇದೇ ಮಹಡಿಯಲ್ಲಿ, ಇಪ್ಪತ್ತು ಹೆಜ್ಜೆಯಾಚೆ, ಕತ್ತಲಲ್ಲಿ ಕೂತು ಒಬ್ಬರು ಮೂವತ್ತೊಂದು ನಿಮಿಷ ಅತ್ತಿಗೆಯ ಜೊತೆ ಮಾತಾಡಿದ್ದಾರೆ. ಅಥವಾ ಮಾತಾಡದೆ ಕೇಳುತ್ತ ಕೂತಿದ್ದಾರೆ. ಯಾರನ್ನೂ ಕರೆಯಲಿಲ್ಲ. ನಿಮಿಷಕ್ಕೆ ನಿಮಿಷ ಎಣಿಸಿದಂತೆ, ಡಾಕ್ಟರು ಹೇಳಿದ ಅರ್ಧ ಗಂಟೆ ಕಳೆಯುವವರೆಗೂ.

"ಆದ್ರೆ ಯಜಮಾನ್ರಿಗೆ ಪಿನ್ನೇ ಗೊತ್ತಿಲ್ಲ," ಎಂದ ಮೇಸ್ತ್ರಿ. "ನಾವು ನಾಲ್ಕು ಜನ ಬಿಟ್ಟು ಯಾರಿಗೂ ಗೊತ್ತಿಲ್ಲ."

"ಪಿನ್ ಇಲ್ದೆ ತೆರೆಯೋಕಾಗತ್ತೇನಮ್ಮ?"

ಸಾಲಿನ ಬಲತುದಿಯಲ್ಲಿ ಒಂದು ಅಂಕಣವಿದೆ. ಯಾವುದನ್ನು ಒತ್ತಿ ತೆರೆದರು ಎಂದು ಹೇಳುವ ಅಂಕಣ. ಮೇಸ್ತ್ರಿಯ ಸಾಲುಗಳಲ್ಲೆಲ್ಲ ಅಲ್ಲಿ ಪಿನ್ ಎಂದಿತ್ತು. ಆರು ಹತ್ತೊಂಬತ್ತರ ಸಾಲಿನಲ್ಲಿ ಬೇರೆಯದೇ ಇತ್ತು. ಲ್ಯಾಪ್‌ಟಾಪ್ ನನ್ನ ಕಡೆಗೇ ತಿರುಗಿತ್ತು. ಅವರಿಬ್ಬರಿಗೂ ಅದು ಕಾಣುತ್ತಿರಲಿಲ್ಲ. ಮುಚ್ಚಿಬಿಟ್ಟಿದ್ದರೆ ಆಗುತ್ತಿತ್ತು.

"ಆಗತ್ತೆ ಸಾರ್," ಎಂದೆ. "ಫೋನ್ ಹಾಕಿದವರ ಕೋಡ್ ಅಂತ ಒಂದಿರತ್ತೆ. ಆರು ಅಂಕಿ. ಅದು ಗೊತ್ತಿದ್ರೆ ಯಾರ ವಾಯ್ಸ್‌ಮೇಲ್ ಬೇಕಾದ್ರೂ ತೆರೀಬಹುದು. ಇದನ್ನ ತೆರೆದಿರೋದು ಅದರಿಂದ್ಲೇ."

"ಆ ಕೋಡ್ ಯಾರ ಹತ್ರ ಇದೆ?"

"ನನ್ನ ಹತ್ರ."

"ಬೇರೆ ಯಾರಿಗೆ ಕೊಟ್ಟಿದ್ದೆ?"

"ಯಾರಿಗೂ ಕೊಟ್ಟಿಲ್ಲ. ಎಲ್ಲೂ ಬರೆದಿಟ್ಟೂ ಇಲ್ಲ."

ಮೇಸ್ತ್ರಿ ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದ. ಇನ್‌ಸ್ಪೆಕ್ಟರು ಮೇಜಿನ ಮೇಲಿಟ್ಟಿದ್ದ ಟೋಪಿ ಎತ್ತಿ ತಲೆಗೆ ಹಾಕಿಕೊಂಡರು. ಇಷ್ಟು ಹೊತ್ತೂ ಅಮ್ಮ, ಅಮ್ಮ ಎನ್ನುತ್ತಿದ್ದವರು ಈಗ ಬಾಗಿಲಿಗೆ ಅಡ್ಡವಾಗಿ ನಿಂತರು.

"ಮೇಡಂ," ಎಂದರು, "ಆ ಕಂಪ್ಯೂಟರಿಂದ ಕೈ ತೆಗೀರಿ. ನಿಮ್ಮ ಸಂಜೆ ಕ್ಲಾಸಿನ ಮೇಷ್ಟ್ರ ನಂಬರ್ ಹೇಳಿ."